ಡಿಸೆಂಬರ್ ಹದಿನೆಂಟರ ಪುಟ

ಜನವರಿ 6

ಅಪ್ಪಾ,

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ಪ್ರತಿಸಲವೂ "ಯಾರು? ಜೋರಾಗಿ ಹೇಳಿ, ಎಂಜಿನ್ ಓಡ್ತಿದೆ" ಅಂದು ಇಟ್ಟುಬಿಡುತ್ತೀರಿ. ಮನೆಯಲ್ಲಿ ಯಾವ ಎಂಜಿನ್ನೂ ಓಡುತ್ತಿಲ್ಲ ಎಂದು ನಿಮಗೂ ಗೊತ್ತು. ಮೂವತ್ತೊಂದು ವರ್ಷ ಜನರೇಟರಿನ ಪಕ್ಕ ನಿಂತ ಕಿವಿಗೆ ಫೋನಿನ ಮಾತು ಹತ್ತುವುದಿಲ್ಲ. ಅದಕ್ಕೇ ನಾವಿಬ್ಬರೂ ಇಷ್ಟು ವರ್ಷ ಕಾಗದ ಬರೆದುಕೊಂಡು ಬಂದದ್ದು. ಆದರೆ ಈ ಸುದ್ದಿ ನಿಮ್ಮ ಕಾಗದದಲ್ಲಿ ಬರಲಿಲ್ಲ. ನಿಮ್ಮ ಕೋಳಿಮರಿ ಹ್ಯಾಚರಿಯ ಮ್ಯಾನೇಜರರಿಂದ ಬಂತು.

ಡಿಸೆಂಬರ್ ಮೂವತ್ತರ ಬೆಳಿಗ್ಗೆ ಕರೆಂಟು ಹೋಯಿತು, ಜನರೇಟರ್ ಹಿಡಿಯಲಿಲ್ಲ, ಅವತ್ತು ಪೆಟ್ಟಿಗೆಗೆ ತುಂಬಬೇಕಿದ್ದ ಕೋಳಿಮರಿಗಳಲ್ಲಿ ಮುಕ್ಕಾಲು ಪಾಲು ಉಸಿರುಕಟ್ಟಿ ಸತ್ತವು. ಇಷ್ಟನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದರು. ಆಮೇಲೆ, "ನಿಮ್ಮ ತಂದೆಯವರನ್ನ ಸದ್ಯಕ್ಕೆ ಮನೇಲೇ ಇರೋಕೆ ಹೇಳಿದೀವಿ ಮೇಡಂ" ಎಂದರು.

ನನ್ನ ಕೆಲಸ ಏನೆಂದು ನೀವೊಮ್ಮೆ ಪಕ್ಕದ ಮನೆಯ ಟೈಲರಮ್ಮನಿಗೆ ವಿವರಿಸಿದ್ದು ನೆನಪಾಗುತ್ತಿದೆ. "ಕರೆಂಟು ಹೋದ್ರೂ ಕಂಪನಿಗಳು ಹೇಗೆ ನಡೀಬೇಕು ಅಂತ ಬರ್ದು ಕೊಡ್ತಾಳೆ." ಟೈಲರಮ್ಮ ಬಾಯಲ್ಲಿದ್ದ ದಾರ ತೆಗೆಯದೆಯೇ, "ಅದಕ್ಕೇನ್ ಬರೀಬೇಕು, ಮೇಣದಬತ್ತಿ ಹಚ್ಚೋದು ತಾನೆ?" ಎಂದಿದ್ದರು. ನೀವು ನನಗಿಂತ ಹೆಚ್ಚು ನಕ್ಕಿದ್ದಿರಿ.

ನಿಮ್ಮ ಹ್ಯಾಚರಿಯ ಯೋಜನೆ ಬರೆದವಳು ನಾನು. ಮೂರು ವರ್ಷದಿಂದ ಅಲ್ಲಿ ಕರೆಂಟು ತೆಗೆದು ಪರೀಕ್ಷಿಸುವ ಡ್ರಿಲ್ ಮಾಡಿಸಿದವಳೂ ನಾನೇ. ಈಗ ಯಾಕೆ ಹೀಗಾಯಿತು ಎಂದು ವರದಿ ಬರೆಯುವುದೂ ನನ್ನ ಪಾಲಿಗೇ ಬಂದಿದೆ. ಬೇಡ, ಅಲ್ಲಿರುವವರು ನನ್ನ ತಂದೆ ಎಂದೆ. "ಆ ಕಟ್ಟಡ ನಿಮ್ಮಷ್ಟು ಗೊತ್ತಿರೋರು ಇನ್ಯಾರಿದಾರೆ?" ಎಂದರು ನಮ್ಮ ಮುಖ್ಯಸ್ಥರು. ಇನ್ನೊಮ್ಮೆ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ನೀವು ಬೇರೆಯವರ ಕೈಗೆ ಸಿಗಬಾರದು ಎಂದೋ, ನಾನು ಸಿಗಬಾರದು ಎಂದೋ, ನನಗೇ ಸರಿಯಾಗಿ ತಿಳಿಯದು.

ಅವತ್ತು ಏನಾಯಿತು, ಒಂದೂ ಬಿಡದೆ ಬರೆಯಿರಿ. ಹೊತ್ತು ಹೊತ್ತಿಗೆ ಊಟ ಮಾಡಿ.

ನಿಮ್ಮ
ಫ್ಯೂಸು

ಜನವರಿ 13

ಫ್ಯೂಸು,

ಸಣ್ಣದಕ್ಕೂ ಹಾರಿಹೋಗುತ್ತಿದ್ದೆ ಅಂತ ನಿನಗೆ ಈ ಹೆಸರಿಟ್ಟೆ. ಈಗ ಹಾರಬೇಡ. ಸಮಾಧಾನವಾಗಿ ಓದು.

ಬೆಳಿಗ್ಗೆ ಆರು ಇಪ್ಪತ್ತಕ್ಕೆ ಕರೆಂಟು ಹೋಯಿತು. ನಾನು ಆಗಲೇ ಬಂದಿದ್ದೆ. ಸೆಲ್ಫ್ ಹೊಡೆದೆ, ಹಿಡಿಯಲಿಲ್ಲ. ಇನ್ನೊಮ್ಮೆ ಹೊಡೆದೆ. ಐದು ಸಲ ಆಯಿತು. ಚಳಿ ಬಹಳ ಇತ್ತು. ಎಂಜಿನ್ನಿನ ಹೊಟ್ಟೆಯಲ್ಲಿರುವ ನೀರನ್ನು ಸದಾ ಬೆಚ್ಚಗಿಡಲು ಒಂದು ಹೀಟರ್ ಇದೆಯಲ್ಲ, ನೀನು ಹನ್ನೆರಡು ವರ್ಷದವಳಿದ್ದಾಗ ತೋರಿಸಿದ್ದೆ, ಅದು ಸುಟ್ಟುಹೋಗಿತ್ತು. ಎಂಜಿನ್ ಕಲ್ಲಿನ ಹಾಗೆ ತಣ್ಣಗಿತ್ತು. ಬಕೆಟ್ಟಿನಲ್ಲಿ ಬಿಸಿನೀರು ತರಿಸಿ ಸುರಿದೆ. ಡೀಸೆಲ್ ಪೈಪಿಗೆ ಗಾಳಿ ಸೇರಿಕೊಂಡಿತ್ತು, ಅದನ್ನೂ ಬಿಡಿಸಿದೆ. ಹಿಡಿಯುವ ಹೊತ್ತಿಗೆ ಏಳು ಗಂಟೆ ಮೂರು ನಿಮಿಷ.

ಅಷ್ಟರಲ್ಲಿ ಮರಿ ಕೋಣೆಯ ಫ್ಯಾನು ನಿಂತು ನಲವತ್ಮೂರು ನಿಮಿಷ ಆಗಿತ್ತು. ಮರಿ ಆರಿಸಿ ಪೆಟ್ಟಿಗೆಗೆ ತುಂಬುವ ಹೆಂಗಸರು ಬಾಗಿಲೆಲ್ಲ ತೆಗೆದು ಟ್ರೇಗಳನ್ನು ಅಂಗಳಕ್ಕೆ ಹೊತ್ತು ತಂದಿದ್ದರು. ಒಳಗೆ ಸೆಕೆಯಲ್ಲಿ ಕೆಲವು, ಹೊರಗೆ ಚಳಿಯಲ್ಲಿ ಕೆಲವು. ನಾನು ಒಳಗೆ ಹೋದೆ. ಎಲ್ಲದರ ಕೊಕ್ಕೂ ತೆರೆದಿತ್ತು. ಕೂಗುತ್ತಿದ್ದವೋ, ಕೂಗಿ ಮುಗಿದಿತ್ತೋ, ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸನ್ನು "ಸದ್ದಿದೆಯೇನಮ್ಮಾ?" ಅಂತ ಕೇಳಿದೆ. ಆಕೆ ಇಲ್ಲ ಅಂತ ತಲೆ ಅಲ್ಲಾಡಿಸಿದಳು.

ಹೀಟರ್ ಸುಟ್ಟಿದ್ದನ್ನು ನಾನು ನೋಡಿರಲಿಲ್ಲ. ನೋಡಬೇಕಿತ್ತು, ಅದು ನನ್ನ ಕೆಲಸ. ನೋಡಲಿಲ್ಲ, ಯಾರಿಗೂ ತಿಳಿಸಲಿಲ್ಲ. ಹೀಗೇ ಬರೆ. ಬೇರೆ ಏನೂ ಹುಡುಕಲು ಹೋಗಬೇಡ.

ಊಟ ಮಾಡುತ್ತಿದ್ದೇನೆ.

ನಿನ್ನಪ್ಪ

ಜನವರಿ 24

ಅಪ್ಪಾ,

ಮೊನ್ನೆ ಹ್ಯಾಚರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ. ವಿಚಾರಣೆ ಮಾಡುವವಳು ಮನೆಗೆ ಬಂದು ಊಟ ಮಾಡಿ ಹೋದಳು ಎಂದಾಗಬಾರದು ಎನ್ನುವುದು ಕಾರಣ. ಬಸ್ಸು ನಮ್ಮ ಬೀದಿಯ ತುದಿಯಲ್ಲಿ ನಿಂತಾಗ ತಲೆ ತಗ್ಗಿಸಿ ಕೂತಿದ್ದೆ. ಅದಕ್ಕೆ ಆ ಕಾರಣ ಸಾಲುವುದಿಲ್ಲ.

ನಿಮ್ಮ ಜನರೇಟರ್ ಕೋಣೆ ಹಾಗೇ ಇದೆ. ಎಣ್ಣೆ ಒರೆಸುವ ಬಟ್ಟೆಗಳನ್ನು ಮಡಿಸಿ ಒಂದರ ಮೇಲೊಂದು ಇಟ್ಟಿದ್ದೀರಿ. ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಯೋಜನೆ ಪ್ಲಾಸ್ಟಿಕ್ ಕವಚದೊಳಗೆ ಮೊಳೆಗೆ ತೂಗುಹಾಕಿದೆ. ಅದರ ಮೇಲೆ ನಿಮ್ಮ ಹಳೆಯ ಕೆಲಸದ ಶರ್ಟು.

ಮ್ಯಾನೇಜರ್, ಎಂಜಿನ್ನಿನ ವಿಷಯ ದಿನಾ ಬರೆದಿಡುವ ನಿಮ್ಮ ಲಾಗ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ತಂದೆ ಮೂವತ್ತೊಂದು ವರ್ಷದಲ್ಲಿ ಒಂದು ಅಕ್ಷರ ಹೊಡೆದು ಹಾಕಿದೋರಲ್ಲ ಮೇಡಂ. ಈಗ ನೋಡಿ." ಡಿಸೆಂಬರ್ ಹದಿನೆಂಟರ ಪುಟ ಇಲ್ಲ. ಸ್ಕೇಲು ಇಟ್ಟು ಹರಿದ ಹಾಗೆ ನೇರವಾಗಿದೆ ಅಂಚು. ಹರಿಯುವುದನ್ನೂ ಅಚ್ಚುಕಟ್ಟಾಗಿ ಹರಿಯುವವರು ನೀವೊಬ್ಬರೇ.

ಹದಿನೆಂಟು ನಮ್ಮ ಡ್ರಿಲ್ ನಡೆದ ದಿನ. ಮುಖ್ಯ ಸ್ವಿಚ್ಚು ಇಳಿಸಿ, ಜನರೇಟರ್ ಎಷ್ಟು ಬೇಗ ಹಿಡಿಯುತ್ತದೆಂದು ಗಡಿಯಾರ ಹಿಡಿದು ನಾನು ನಿಂತ ದಿನ. ಡ್ರಿಲ್ ಯಾವತ್ತೆಂದು ಯಾರಿಗೂ ಮೊದಲೇ ತಿಳಿಯಬಾರದು ಎಂಬ ನಿಯಮ ಬರೆದವಳು ನಾನೇ. ಆದರೂ ಪ್ರತಿ ಡಿಸೆಂಬರಿನಲ್ಲೂ ನಿಮಗೊಂದು ಕಾಗದ ಹಾಕುತ್ತಿದ್ದೆ: "ಗುರುವಾರ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಳ್ಳಿ." ಅಷ್ಟೇ. ಎಲ್ಲರೆದುರು ನೀವು ಮಸಿ ಮೆತ್ತಿದ ಶರ್ಟಿನಲ್ಲಿ ನಿಲ್ಲಬಾರದು ಅನ್ನಿಸುತ್ತಿತ್ತು. ಅದರಿಂದ ಇನ್ನೇನಾದರೂ ಆದೀತು ಎಂದು ಯೋಚಿಸಿರಲಿಲ್ಲ. ಯೋಚಿಸಿಯೂ ಸುಮ್ಮನಿದ್ದೆನೋ?

ಕೇಳಿಯೇಬಿಡುತ್ತೇನೆ. ಡ್ರಿಲ್ ಇದೆ ಎಂದು ಗೊತ್ತಾಗಿ ನೀವು ಅವತ್ತು ಮೊದಲೇ ಬಂದು ಎಂಜಿನ್ ಓಡಿಸಿ ಬಿಸಿ ಮಾಡಿ ಇಟ್ಟಿದ್ದಿರಾ? ಅದನ್ನು ಪುಟದಲ್ಲಿ ಬರೆದಿದ್ದಿರಾ? ಅದಕ್ಕೇ ಹರಿದಿರಾ?

ಫ್ಯೂಸು

ಜನವರಿ 31

ಫ್ಯೂಸು,

ಪುಟ ಇಲಿ ತಿಂದಿರಬೇಕು. ಓದಿದ ಇಲಿ ಇರಬೇಕು, ಸ್ಕೇಲು ಇಟ್ಟುಕೊಂಡು ತಿಂದಿದೆ.

ಶರ್ಟಿನ ವಿಷಯ ಯಾರ ಮುಂದೆಯೂ ಎತ್ತಬೇಡ. ಆ ಮೂರು ಕಾಗದವನ್ನೂ ಒಲೆಗೆ ಹಾಕಿದ್ದೇನೆ. ನನಗೆ ಅರವತ್ತಾರು. ನನ್ನ ಹೆಸರಿನಿಂದ ಇನ್ನು ಮುಂದೆ ಆಗಬೇಕಾದ್ದು ಏನೂ ಇಲ್ಲ. ನಿನ್ನ ಹೆಸರಿನಿಂದ ಇದೆ. ನಿಮ್ಮಮ್ಮ ಬದುಕಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು, ಇನ್ನೂ ಜೋರಾಗಿ.

ಇಲ್ಲಿ ಚಳಿ ಕಡಿಮೆಯಾಗಿದೆ. ಮಫ್ಲರ್ ತೆಗೆದಿಟ್ಟೆ.

ನಿನ್ನಪ್ಪ

ಫೆಬ್ರವರಿ 15

ಅಪ್ಪಾ,

ವರದಿ ಕೊಟ್ಟೆ. ಹದಿನಾಲ್ಕು ಪುಟ. ಹದಿಮೂರು ಪುಟ ಗಾಳಿ, ಉಷ್ಣ, ನಿಮಿಷಗಳ ಲೆಕ್ಕ. ಹದಿನಾಲ್ಕನೆಯದರಲ್ಲಿ ಕಾರಣ: ಹೀಟರ್ ಕೆಟ್ಟದ್ದನ್ನು ನಿರ್ವಾಹಕರು ಗಮನಿಸಲಿಲ್ಲ, ವರದಿ ಮಾಡಲಿಲ್ಲ, ನಂತರ ದಾಖಲೆಯ ಒಂದು ಪುಟವನ್ನು ನಾಶಮಾಡಿದರು. ನಿಮ್ಮ ಹೆಸರು ಎಲ್ಲೂ ಇಲ್ಲ. "ನಿರ್ವಾಹಕ" ಎಂದಷ್ಟೇ ಇದೆ. ಹೆಸರಿನ ಜಾಗದಲ್ಲಿ ಕೆಲಸದ ಹೆಸರು ಹಾಕುವುದು ನಮ್ಮ ಪದ್ಧತಿ. ಅದು ಇಷ್ಟು ಅನುಕೂಲದ ಪದ್ಧತಿ ಎಂದು ಈವರೆಗೆ ತಿಳಿದಿರಲಿಲ್ಲ.

ಬಿಳಿ ಶರ್ಟಿನ ವಿಷಯ ಬರೆಯಲಿಲ್ಲ.

ನೀವು ಹೇಳಿದ ಹಾಗೇ ಬರೆದೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಎರಡು ದಿನ ಮಾಡಿಕೊಂಡೆ. ಮೂರನೆಯ ದಿನ ಮುಖ್ಯಸ್ಥರು ನನ್ನ ಮೇಜಿನ ಬಳಿ ಬಂದು, "ಸ್ವಂತ ತಂದೆ ಅಂತಾನೂ ನೋಡ್ಲಿಲ್ಲ ನೀವು. ಇದಪ್ಪಾ ನಿಷ್ಠೆ ಅಂದ್ರೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಸಹೋದ್ಯೋಗಿಗಳು ನನ್ನತ್ತ ಮರ್ಯಾದೆಯಿಂದ ನೋಡಿದರು. ಕೈ ತೊಳೆಯಲು ಹೋದವಳು ನಲ್ಲಿಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಬೇರೆಯವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ: "ಕರೆಂಟು ಹೋದಾಗ ನೀವು ಯಾವುದನ್ನು ಮೊದಲು ಉಳಿಸಿಕೊಳ್ಳುತ್ತೀರಿ? ಯಾವುದನ್ನು ಬಿಟ್ಟುಬಿಡುತ್ತೀರಿ?" ಕಂಪನಿಯವರು ತಡವರಿಸುತ್ತಾರೆ. ಎಲ್ಲವೂ ಬೇಕು ಎನ್ನುತ್ತಾರೆ. ಎಲ್ಲವೂ ಬೇಕು ಎನ್ನುವವರಿಗೆ ಯೋಜನೆಯೇ ಇರುವುದಿಲ್ಲ ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಈ ಸಲ ಆ ಪ್ರಶ್ನೆ ನನಗೆ ಬಂತು. ನಾನು ತಡವರಿಸಲಿಲ್ಲ.

ಬೈದಾದರೂ ಒಂದು ಸಾಲು ಬರೆಯಿರಿ.

ಫ್ಯೂಸು

ಮಾರ್ಚ್ 22

ಅಪ್ಪಾ,

ವರದಿ ಕೊಟ್ಟ ಮೇಲೆ ಇದು ಮೂರನೆಯ ಕಾಗದ. ಮೊದಲೆರಡು ತಲುಪಿವೆ ಎಂದು ಅಂಚೆಯವರು ಹೇಳುತ್ತಾರೆ.

ಹ್ಯಾಚರಿ ಮುಚ್ಚುತ್ತಾರಂತೆ, ಮರಿ ಆರಿಸುವ ಹೆಂಗಸರಿಗೆ ಈ ತಿಂಗಳೇ ಕೊನೆಯಂತೆ. ಮ್ಯಾನೇಜರ್ ಬರೆದಿದ್ದರು. ನಿಮ್ಮ ಬಗ್ಗೆ ಅವರೇನೂ ಬರೆದಿರಲಿಲ್ಲ. ನಾನೂ ಕೇಳಲಿಲ್ಲ.

ಚೆನ್ನಾಗಿದ್ದೀರಾ?

ಫ್ಯೂಸು

ಏಪ್ರಿಲ್ 5

ಅಮ್ಮಣ್ಣೀ,

ನಾನು ಪಕ್ಕದ ಮನೆ ಟೈಲರಮ್ಮ. ನನ್ನ ಅಕ್ಷರ ಹೊಲಿಗೆಯಷ್ಟು ನೇರ ಬರಲ್ಲ, ಹೊಂದಿಸಿಕೊಂಡು ಓದು.

ನಿಮ್ಮಪ್ಪಂಗೆ ಕಾಯಿಲೆ ಏನಿಲ್ಲ. ಆದ್ರೆ ದಿನಾ ಬೆಳಿಗ್ಗೆ ಆರು ಗಂಟೆಗೆ ಎದ್ದು ಹ್ಯಾಚರಿ ಗೇಟಿನ ತನಕ ಹೋಗ್ತಾರೆ. ಒಳಗೆ ಬಿಡಲ್ಲ. ನಿಂತಿದ್ದು ವಾಪಸ್ ಬರ್ತಾರೆ. ಚಾ ಅಂಗಡಿಯವನು ಇದಾನಲ್ಲ, ಬಾಯಿ ಸುಮ್ನಿರಲ್ಲ ಅವನಿಗೆ, "ಏನ್ ಡೀಸೆಲಣ್ಣ, ಇವತ್ತಾದ್ರೂ ಸೆಲ್ಫ್ ಹಿಡೀತಾ?" ಅಂತಾನೆ. ಇವರಿಗೆ ಕೇಳಿಸಲ್ಲ, ಸುಮ್ನೆ ನಗ್ತಾರೆ. ಅದನ್ನ ನೋಡಕ್ಕಾಗಲ್ಲ ನನ್ನ ಕೈಲಿ. ಒಂದಿನ ಕತ್ತರಿ ಹಿಡ್ಕೊಂಡೇ ಹೋಗಿ, "ನಿನ್ನ ನಾಲಿಗೆ ಉದ್ದ ಜಾಸ್ತಿ ಆಗಿದೆ, ಅಳತೆ ಕೊಡು" ಅಂದೆ. ಈಗ ಸುಮ್ನಿದಾನೆ.

ಕೆಲಸ ಕಳ್ಕೊಂಡ ಹೆಂಗಸ್ರು ಈ ಬೀದೀಲೇ ಐದಾರು ಜನ ಇದಾರೆ. ಅವ್ರು ಏನೂ ಅನ್ನಲ್ಲ. ನಿಮ್ಮಪ್ಪನ ಮನೆ ಮುಂದೆ ಬಂದಾಗ ಆ ಕಡೆ ದಾಟ್ಕೊಂಡು ಹೋಗ್ತಾರೆ, ಅಷ್ಟೇ. ಬೈದ್ರೇ ಚೆನ್ನಾಗಿತ್ತು.

ಸೊರಗಿದಾರೆ. ಮೊನ್ನೆ ಬಿಳಿ ಶರ್ಟು ತಂದು, ಹೆಗಲು ಜಾರತ್ತೆ, ಎರಡೂ ಪಕ್ಕ ಹಿಡಿದು ಕೊಡಮ್ಮ ಅಂದ್ರು. ಹೊಲಿಯೋ ಮುಂಚೆ ಜೇಬು ನೋಡೋದು ನನ್ನ ಅಭ್ಯಾಸ. ಒಂದು ಪುಟ ಸಿಕ್ತು, ನಾಲ್ಕು ಮಡಿಕೆ ಹಾಕಿದ್ದು. ಕೆಳಗಡೆ ನಿನ್ನ ಸಹಿ. ಕೊಡೋಕೆ ಹೋದೆ. ಕಿತ್ಕೊಂಡು, "ನೀನು ಇದನ್ನ ನೋಡಿಲ್ಲ" ಅಂದ್ರು. ಆಮೇಲೆ ಮೆಟ್ಟಿಲ ಮೇಲೆ ಕೂತು, ವಾಪಸ್ ನನ್ನ ಕೈಗೇ ಕೊಟ್ಟು, "ಸುಟ್ಟುಬಿಡು, ನನ್ನ ಕೈಲಿ ಆಗ್ತಿಲ್ಲ" ಅಂದ್ರು. ತಮ್ಮ ಕೈಯಾರೆ ಬರೆದಿದ್ದಲ್ವಾ.

ನಾನು ಸುಡಲಿಲ್ಲ. ಇದರೊಳಗೆ ಇಟ್ಟಿದೀನಿ. ಓದಿದೋಳು ನೀನು. ಓದು.

ಟೈಲರಮ್ಮ

ಏಪ್ರಿಲ್ 14

ಅಪ್ಪಾ,

ಪುಟ ಬಂತು. ಟೈಲರಮ್ಮನನ್ನು ಬೈಯಬೇಡಿ.

ನೀವು ಬರೆದದ್ದನ್ನೇ ಇಲ್ಲಿ ಮತ್ತೆ ಬರೆಯುತ್ತೇನೆ, ನಾನು ಓದಿದ್ದೇನೆಂದು ನಿಮಗೆ ತಿಳಿಯಲಿ. "ಬೆಳಿಗ್ಗೆ 7:05. ಸೆಲ್ಫ್ ಹೊಡೆದೆ. ಎರಡು ಸಲ ಹಿಡಿಯಲಿಲ್ಲ, ಮೂರನೆಯದಕ್ಕೆ ಹಿಡಿಯಿತು. ಎಂಜಿನ್ ತಣ್ಣಗಿದೆ. ಹೀಟರ್ ಸುಟ್ಟಿರಬೇಕು, ತಕ್ಷಣ ಬದಲಾಯಿಸಬೇಕು. ಮುಕ್ಕಾಲು ಗಂಟೆ ಓಡಿಸಿ ಬಿಸಿ ಮಾಡಿ ನಿಲ್ಲಿಸಿದೆ. 9:30. ಡ್ರಿಲ್. ಎಂಟು ಸೆಕೆಂಡಿಗೆ ಹಿಡಿಯಿತು." ಅದರ ಕೆಳಗೆ ನನ್ನ ಸಹಿ, 9:50.

ನೀವು ಎಂಜಿನ್ ಬಿಸಿ ಮಾಡಿದ್ದನ್ನು ಅಡಗಿಸಲು ಹರಿದಿರಿ ಎಂದುಕೊಂಡಿದ್ದೆ. ಹೀಟರಿನ ಮಾತು ಆ ಪುಟದಲ್ಲಿ ಇರಬಹುದೆಂದು ಹೊಳೆಯಲೇ ಇಲ್ಲ. ನೀವು ನೋಡಿದ್ದಿರಿ. ಬರೆದಿದ್ದಿರಿ. ತಿಳಿಸಿದ್ದಿರಿ, ನನಗೇ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಂದೆ ಚಾಚಿದ್ದಿರಿ. ಸಹಿ ಎಲ್ಲಿ ಹಾಕಬೇಕೆಂದು ತೋರಿಸುತ್ತಿದ್ದೀರಿ ಎಂದುಕೊಂಡೆ. ಎಲ್ಲ ಕಂಪನಿಗಳಲ್ಲೂ ಲಾಗ್‌ಬುಕ್ಕಿನ ಪ್ರತಿ ಸಾಲು ಓದುತ್ತೇನೆ. ನಿಮ್ಮದನ್ನು ಮಾತ್ರ ಓದುತ್ತಿರಲಿಲ್ಲ. ಅಪ್ಪ ಬರೆದದ್ದರಲ್ಲಿ ತಪ್ಪು ಹುಡುಕುವುದೇ ಎಂಬ ಸಂಕೋಚ. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಇನ್ನೊಂದು ಇದೆ. ಮೊಳೆಗೆ ತೂಗುಹಾಕಿದ ಆ ಯೋಜನೆಯ ನಾಲ್ಕನೆಯ ಪುಟದಲ್ಲಿ, ಡ್ರಿಲ್ಲಿಗೆ ಮುಂಚೆ ಎಂಜಿನ್ ಓಡಿಸಿ ಬಿಸಿ ಮಾಡಿರಬಾರದು ಎಂದಿದೆ. ಮೂರು ವರ್ಷದ ಹಿಂದೆ ಅದನ್ನು ನಿಮ್ಮ ಕೈಗೆ ಕೊಟ್ಟಾಗ, "ಇದರಲ್ಲಿ ಏನೇನು ಬರ್ದಿದೀಯ, ಸ್ವಲ್ಪ ಹೇಳು" ಎಂದಿರಿ. "ನಿಮಗೆ ಗೊತ್ತಿರೋದೇ ಅಪ್ಪ, ನೀವೇ ಕಲಿಸಿದ್ದು" ಎಂದು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ನನ್ನನ್ನು ಇಂಗ್ಲಿಷ್ ಶಾಲೆಗೆ ಸೇರಿಸಲು ನೀವು ಎರಡೆರಡು ಪಾಳಿ ದುಡಿದಿರಿ. ನಾನು ಆ ಭಾಷೆಯಲ್ಲಿ ನಿಮಗೇ ಓದಲಾಗದ ಹಾಗೆ ಬರೆದು ಮೊಳೆಗೆ ನೇತುಹಾಕಿ ಬಂದೆ.

ಹೊಸ ವರದಿ ಕಳಿಸಿದ್ದೇನೆ. ಒಂದೇ ಪುಟ. ಬಿಳಿ ಶರ್ಟು, ಬಿಸಿ ಮಾಡಿದ ಎಂಜಿನ್, ಓದದೆ ಹಾಕಿದ ಸಹಿ. ಈ ಸಲ ಹೆಸರು ಹಾಕಿದ್ದೇನೆ, ನನ್ನದು. ನಿಮ್ಮ ಪುಟದ ನಕಲೂ ಜೊತೆಗಿದೆ. ಮುಖ್ಯಸ್ಥರು, "ಮುಗಿದ ಫೈಲು ಯಾಕೆ ತೆಗೀತೀರಿ? ಯಾರಾದ್ರೂ ಕೇಳಿದ್ರಾ?" ಎಂದರು. ಯಾರೂ ಕೇಳಿರಲಿಲ್ಲ. ಸೋಮವಾರದಿಂದ ಬರುವುದು ಬೇಡ ಎಂದರು.

ಕ್ಷಮಿಸಿ ಎಂದು ಬರೆದು ಎರಡು ಸಲ ಹರಿದೆ. ನಿಮ್ಮಷ್ಟು ನೇರವಾಗಿ ಹರಿಯಲು ಬರಲಿಲ್ಲ.

ಫ್ಯೂಸು

ಮೇ 9

ಫ್ಯೂಸು,

ತಡವಾಯಿತು. ಬರೆಯಲು ಕೂತರೆ ಸಿಟ್ಟು ಬರುತ್ತಿತ್ತು. ಈಗ ಇಳಿದಿದೆ.

ಮ್ಯಾನೇಜರ್ ಮನೆಗೆ ಬಂದಿದ್ದರು. ಏನೇನೋ ಹೇಳಿದರು, ಕೇಳಿಸಲಿಲ್ಲ. ಕೊನೆಗೆ ಚೀಟಿಯಲ್ಲಿ ಬರೆದರು: "ತಪ್ಪು ನಿಮ್ಮದಲ್ಲ ಅಂತ ಕಂಪನಿ ಒಪ್ಪಿದೆ." ಯಾರದು ಅಂತ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಟೈಲರಮ್ಮ ಆ ಚೀಟಿಯನ್ನು ಬೀದಿಯ ಎಲ್ಲರಿಗೂ ತೋರಿಸಿ ಬಂದಳು. ಹೆಂಗಸರು ಈಗ ಮನೆ ಮುಂದೆ ಬಂದಾಗ ಬೀದಿಯ ಆ ಕಡೆಗೆ ದಾಟಿಕೊಂಡು ಹೋಗುವುದಿಲ್ಲ. ಆದರೆ ಅವರಿಗೆ ಕೆಲಸ ಸಿಕ್ಕಿಲ್ಲ. ಚೀಟಿಯಿಂದ ಅದು ಬರುವುದಿಲ್ಲ.

ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕಳ್ಳತನ ಮಾಡಿದ್ದೆ, ಮಗಳಿಗೋಸ್ಕರ. ಅದನ್ನೂ ನೀನು ಉಳಿಯಗೊಡಲಿಲ್ಲ.

ನಿನಗೆ ಹೇಳದೆ ಇದ್ದದ್ದು ಒಂದಿದೆ. ನೀನು ಹೇಳಿಬಿಟ್ಟದ್ದರಿಂದ ನಾನೂ ಹೇಳುತ್ತೇನೆ. ನೀನು ಸಹಿ ಹಾಕಿದ ಮೇಲೆ, ಮಗಳು ಓದಿದ್ದಾಳೆ, ಮ್ಯಾನೇಜರಿಗೆ ಹೇಳುತ್ತಾಳೆ, ಹೀಟರ್ ಹಾಕುವವನು ಬರುತ್ತಾನೆ ಅಂದುಕೊಂಡೆ. ಹತ್ತು ದಿನ ಬಾಗಿಲು ನೋಡಿದೆ. ಹನ್ನೊಂದನೆಯ ದಿನ ನಾನೇ ಹೋಗಿ ಹೇಳಿಬಿಡಲೇ ಅಂತ ಆಫೀಸಿನ ತನಕ ಹೋದೆ. ನೀನು ಹೇಳಿ ಆಗಿದ್ದರೆ, ಮತ್ತೆ ನಾನು ಬಾಯಿ ಹಾಕಿದರೆ, ಮಗಳ ಮಾತಿನ ಮೇಲೆ ಅಪ್ಪನಿಗೇ ನಂಬಿಕೆ ಇಲ್ಲ ಅಂತ ಆಗುತ್ತದಲ್ಲ. ಚಪ್ಪಲಿ ಬಿಟ್ಟವನು ಮತ್ತೆ ಮೆಟ್ಟಿಕೊಂಡು ವಾಪಸ್ಸು ಬಂದೆ. ಮಾರನೆಯ ಬೆಳಿಗ್ಗೆ ಕರೆಂಟು ಹೋಯಿತು. ಆದ್ದರಿಂದ ಎಲ್ಲಾ ನಿನ್ನದೇ ಅಂತ ಹೊತ್ತುಕೊಳ್ಳಬೇಡ. ನನ್ನ ಪಾಲನ್ನು ನನಗೆ ಬಿಡು.

ಕಳೆದ ವಾರ ಜನರೇಟರನ್ನು ಲಾರಿಗೆ ಏರಿಸಿದರು. ಹೋಗಿ ಒಂದು ಸಲ ಅಂಗೈ ಇಟ್ಟು ನೋಡಿದೆ. ಅಷ್ಟು ಬಿಸಿಲಿನಲ್ಲೂ ತಣ್ಣಗೆ ಅನ್ನಿಸಿತು. ಗೋಡೆಯ ಮೇಲಿದ್ದ ನಿನ್ನ ಯೋಜನೆ ಬಿಚ್ಚಿ ಮನೆಗೆ ತಂದಿದ್ದೇನೆ. ಬಂದಾಗ ಓದಿ ಹೇಳು. ನಾಲ್ಕನೆಯ ಪುಟ ಬೇಡ, ಅದು ಗೊತ್ತಾಯಿತು. ಮಿಕ್ಕದ್ದು.

ಬಾ. ಆದರೆ ಯಾವತ್ತು ಬರುತ್ತೀ ಅಂತ ಬರೆಯಬೇಡ. ಬರೆದರೆ ನಾನು ಹಿಂದಿನ ದಿನವೇ ಮನೆ ಗುಡಿಸಿ, ಗಡ್ಡ ಹೆರೆದು, ಶರ್ಟು ಇಸ್ತ್ರಿ ಮಾಡಿಸಿ ಕೂತಿರುತ್ತೇನೆ. ನೀನು ಚೆನ್ನಾಗಿದ್ದಾರೆ ಅಂದುಕೊಂಡು ಹೋಗಿಬಿಡುತ್ತೀ.

ಬಾಗಿಲು ತಟ್ಟಿದರೆ ನನಗೆ ಕೇಳಿಸುವುದಿಲ್ಲ. ಚಿಲಕ ಹಾಕಿರುವುದಿಲ್ಲ.

ನಿನ್ನಪ್ಪ